ಪುಟ್ಟ ಮಕ್ಕಳ ಕಿಡ್ನಿಯಲ್ಲಿ ಹರಳು: ಕೊಯ್ಯಲೇಬೇಕೇ?



ಕಾರ್ಯಕ್ರಮ ಮುಗಿಸಿ ಸ್ಟುಡಿಯೋದ ಬಾಗಿಲು ದಾಟುವಷ್ಟರಲ್ಲಿ ಡ್ಯೂಟಿ ರೂಮಿನಿಂದ ಕರೆ ಬಂತು. “ನಿಮ್ಮ ಜೊತೆಗೇ ಮಾತಾಡಬೇಕಂತೆ, ಅಳ್ತಾ ಇದ್ದಾರೆ” ಎಂದರು ಸಹೋದ್ಯೋಗಿ. ಫೋನಿನ ಆ ಕಡೆ ಡೊಂಬಿವಲಿಯ ಒಬ್ಬ ತಾಯಿ. ಮಾತಿನ ಧಾಟಿ ವಿಜಯಪುರದ ಕಡೆಯದು. ಐದು ವರ್ಷದ ಮಗ ಒಂದು ತಿಂಗಳಿನಿಂದ ಹೊಟ್ಟೆನೋವು ಎನ್ನುತ್ತಿದ್ದನಂತೆ. ಶಾಲೆಗೆ ಹೋಗಲು ಮನಸ್ಸಿಲ್ಲದ ನೆವ ಎಂದು ಮೊದಲು ಗದರಿದರು. ಆಮೇಲೆ ಜಂತುಹುಳದ ಔಷಧಿ ಕೊಟ್ಟರು. ಒಂದು ದಿನ ಬೆಳಿಗ್ಗೆ ಮೂತ್ರ ಕೆಂಪಗೆ ಬಂತು. ಗಾಬರಿಯಾಗಿ ಸೋನೋಗ್ರಫಿ ಮಾಡಿಸಿದರೆ ಬಲಗಡೆಯ ಕಿಡ್ನಿಯಲ್ಲಿ 14 ಮಿಲಿಮೀಟರಿನ ಹರಳು!

“ಅಕ್ಕಾರ, ಇಷ್ಟ್ ಸಣ್ಣ ಕೂಸಿನ ಹೊಟ್ಟಿ ಕೊಯ್ಯಾಕ ಬೇಕೇನ್ರಿ? ಊರಾಗ ಜಾತ್ರಿ ಐತಿ. ಹೋಗಿ ಬಂದ ಮ್ಯಾಲ ಮಾಡಿಸಿದ್ರ ನಡೀತೈತೇನ್ರಿ?”

ಆಕೆಯ ಹೆದರಿಕೆಗೆ ಕಾರಣವಿತ್ತು. ಆಕೆಯ ತಂದೆಗೆ 1980ರ ದಶಕದಲ್ಲಿ ಇದೇ ಹರಳಿಗಾಗಿ ಆಪರೇಷನ್ ಆಗಿತ್ತು. ಬೆನ್ನಿನ ಪಕ್ಕೆಯಿಂದ ಹೊಟ್ಟೆಯ ಮುಂಭಾಗದವರೆಗೆ ಒಂದು ಗೇಣಿಗೂ ಹೆಚ್ಚು ಉದ್ದದ ಹೊಲಿಗೆಯ ಗುರುತು. ಅಪ್ಪ ಅಂಗಿ ಬಿಚ್ಚಿ ಸ್ನಾನಕ್ಕೆ ಹೊರಟಾಗಲೆಲ್ಲ ಕಂಡ ಆ ಗುರುತನ್ನು ಈಗ ಮಗನ ಎಳೆ ಮೈಯ ಮೇಲೆ ಕಲ್ಪಿಸಿಕೊಂಡು ಆ ತಾಯಿ ನಡುಗುತ್ತಿದ್ದರು. ಊರಿನಿಂದ ಅತ್ತೆಯವರು ಬೇರೆ, ಹುಡುಗನನ್ನು ಕರೆದುಕೊಂಡು ಬಾ, ಬಾಳೆದಿಂಡಿನ ರಸ ಕುಡಿಸಿದರೆ ಕರಗುತ್ತದೆ ಎಂದು ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದರಂತೆ.

ನಾನು ವೈದ್ಯಳಲ್ಲ, ಕನ್ನಡ ಓದಿ ಮೈಕಿನ ಮುಂದೆ ಕುಳಿತವಳು. ಆದರೆ ಆಕೆಯ ಎರಡು ಪ್ರಶ್ನೆಗಳು ಬಿಡಲಿಲ್ಲ. ಮೂತ್ರರೋಗ ತಜ್ಞರನ್ನು ಕೇಳಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಮಗುವಿನ ವೈದ್ಯರ ಮಾತಿಗೆ ಇದು ಬದಲಿಯಲ್ಲ. ಅವರೆದುರು ಕುಳಿತಾಗ ಏನು ಕೇಳಬೇಕೆಂದು ತಿಳಿದಿರಲಿ, ಅಷ್ಟೇ.

ಮಗು ಹೇಳಲಾರದ ನೋವು

ಮೂತ್ರದಲ್ಲಿ ಕರಗಿರುವ ಲವಣಗಳು ಕರಗಿ ಉಳಿಯಲಾರದಷ್ಟು ಹೆಚ್ಚಾದಾಗ ಕಣಕಣವಾಗಿ ಕೂಡಿಕೊಂಡು ಹರಳಾಗುತ್ತವೆ. ನಾವು ಹರಳು ಎನ್ನುವುದನ್ನೇ ಇಲ್ಲಿ ಮರಾಠಿಯವರು ಮುತಖಡಾ ಎನ್ನುತ್ತಾರೆ, ಹಿಂದಿಯವರು ಪಥರಿ ಎನ್ನುತ್ತಾರೆ. ಕಿಡ್ನಿಯಲ್ಲಿ ಹುಟ್ಟಿದ ಹರಳು ಅಲ್ಲಿಯೇ ಬೆಳೆಯಬಹುದು. ಅಲ್ಲಿಂದ ಜಾರಿ, ಕಿಡ್ನಿಯನ್ನು ಮೂತ್ರಕೋಶಕ್ಕೆ ಸೇರಿಸುವ ತೆಳ್ಳನೆಯ ಮೂತ್ರನಾಳದಲ್ಲಿ ಸಿಕ್ಕಿಕೊಳ್ಳಬಹುದು. ನಾಳದಲ್ಲಿ ಸಿಕ್ಕಿಕೊಂಡಾಗಲೇ ದೊಡ್ಡವರು ನೆಲದ ಮೇಲೆ ಹೊರಳಾಡುವುದು.

ಮಕ್ಕಳ ವಿಷಯ ಬೇರೆ. ‘ಪಕ್ಕೆಯಿಂದ ತೊಡೆಸಂದಿಗೆ ನೋವು ಇಳಿಯುತ್ತದೆ’ ಎಂದು ಐದು ವರ್ಷದ ಮಗು ಹೇಳುವುದಿಲ್ಲ. ಹೊಕ್ಕುಳಿನ ಹತ್ತಿರ ಕೈಯಿಟ್ಟು ‘ಇಲ್ಲಿ ನೋವು’ ಎನ್ನುತ್ತದೆ. ಹಸುಗೂಸಾದರೆ ಬರೀ ಅಳು, ವಾಂತಿ, ಹಾಲು ಬೇಡವೆನ್ನುವುದು. ಎಷ್ಟೋ ಮಕ್ಕಳಲ್ಲಿ ಮೂತ್ರದ ಸೋಂಕು ಮತ್ತೆ ಮತ್ತೆ ಬಂದು ಪರೀಕ್ಷೆ ಮಾಡಿಸಿದಾಗ ಮಾತ್ರ ಹರಳು ಗೊತ್ತಾಗುವುದುಂಟು. ಆದ್ದರಿಂದ ಹೊಟ್ಟೆನೋವು ಮರುಕಳಿಸುತ್ತಿದ್ದರೆ, ಮೂತ್ರ ಮಾಡುವಾಗ ಮಗು ಅತ್ತರೆ, ಮೂತ್ರದ ಬಣ್ಣ ಕೆಂಪಾಗಿ ಅಥವಾ ಚಹದ ಡಿಕಾಕ್ಷನ್ನಿನಂತೆ ಕಂಡರೆ, ಮಕ್ಕಳ ವೈದ್ಯರಿಗೆ ತೋರಿಸಿ ಮೂತ್ರ ಪರೀಕ್ಷೆ ಮತ್ತು ಸೋನೋಗ್ರಫಿ ಬೇಕೇ ಎಂದು ಕೇಳಬೇಕು.

ಈಗ ಆ ತಾಯಿಯ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಅದರಲ್ಲಿ ಅಪಾಯ ಹೆಚ್ಚು. ಕಾಯಬಹುದೇ? ಹರಳು ಚಿಕ್ಕದು, ನೋವು ಹತೋಟಿಯಲ್ಲಿದೆ, ಜ್ವರವಿಲ್ಲ, ಕಿಡ್ನಿ ಊದಿಕೊಂಡಿಲ್ಲ ಎಂದಾದರೆ ವೈದ್ಯರೇ ಕೆಲವು ವಾರ ಕಾದು ನೋಡೋಣ ಎನ್ನುತ್ತಾರೆ. ಮೂತ್ರನಾಳದಲ್ಲಿರುವ ನಾಲ್ಕೈದು ಮಿಲಿಮೀಟರಿನೊಳಗಿನ ಹರಳು ತಾನಾಗಿಯೇ ಹೊರಬೀಳುವ ಸಾಧ್ಯತೆ ಸಾಕಷ್ಟಿದೆ. ನಾಳ ಸಡಿಲವಾಗಲೆಂದು ಟ್ಯಾಮ್ಸುಲೋಸಿನ್‌ನಂಥ ಔಷಧಿಯನ್ನು ಮಗುವಿನ ತೂಕ, ವಯಸ್ಸು ನೋಡಿ ಕೊಡುವುದೂ ಉಂಟು.

ಆದರೆ ಹರಳಿನ ಜೊತೆಗೆ ಚಳಿಜ್ವರ ಬಂದರೆ ಒಂದು ರಾತ್ರಿಯೂ ಕಾಯುವಂತಿಲ್ಲ. ನಾಳ ಮುಚ್ಚಿ, ಹಿಂದೆ ನಿಂತ ಮೂತ್ರದಲ್ಲಿ ಸೋಂಕು ಸೇರಿದರೆ ಅದು ರಕ್ತಕ್ಕೇ ಏರಬಹುದು. ಆಗ ವೈದ್ಯರು ಹರಳಿನ ತಂಟೆಗೇ ಹೋಗುವುದಿಲ್ಲ. ಒಳಗೊಂದು ಸ್ಟೆಂಟ್ ಇಟ್ಟೋ ಬೆನ್ನಿನಿಂದ ಸಣ್ಣ ನಳಿಕೆ ಹಾಕಿಯೋ ಮೊದಲು ಮೂತ್ರಕ್ಕೆ ದಾರಿ ಬಿಡಿಸುತ್ತಾರೆ, ಆಂಟಿಬಯಾಟಿಕ್ ಕೊಡುತ್ತಾರೆ. ಸೋಂಕು ಇಳಿದ ಮೇಲೆಯೇ ಹರಳಿಗೆ ಕೈಹಾಕುವುದು. ಮೂತ್ರವೇ ಕಟ್ಟಿಹೋದರೂ, ಮಗುವಿಗೆ ಇರುವುದು ಒಂದೇ ಕಿಡ್ನಿಯಾದರೂ ಇದೇ ಅವಸರ. ರೈಲಿನ ಟಿಕೆಟ್ ಆಗಿದೆ, ಊರಿಗೆ ಹೋಗಿ ತೋರಿಸುತ್ತೇವೆ ಎನ್ನುವ ಮಾತು ಇಲ್ಲಿ ಸಲ್ಲದು.

ಪರೀಕ್ಷೆಯ ಬಗ್ಗೆ ಒಂದು ಮಾತು. ದೊಡ್ಡವರಿಗೆ ಹರಳೆಂದ ಕೂಡಲೇ ಸಿ.ಟಿ. ಸ್ಕ್ಯಾನ್ ಬರೆದುಕೊಡುವುದು ರೂಢಿ. ಮಕ್ಕಳಿಗೆ ಮೊದಲು ಸೋನೋಗ್ರಫಿ, ಅದರಲ್ಲಿ ವಿಕಿರಣವೇ ಇಲ್ಲ. ಅದರಿಂದ ಗೊತ್ತಾಗದೆ ಸಿ.ಟಿ. ಬೇಕೇ ಬೇಕೆಂದಾದರೆ, ಮಕ್ಕಳಿಗೆಂದೇ ಇಳಿಸಿದ ಪ್ರಮಾಣದಲ್ಲಿ ಮಾಡುತ್ತಾರೆ. ‘ಲೋ ಡೋಸ್ ಮಾಡ್ತೀರಾ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕೊಯ್ಯದೆ ತೆಗೆಯುವ ದಾರಿಗಳು

ಮಕ್ಕಳ ಹರಳು ಹೊಸ ಕಾಯಿಲೆಯೇನಲ್ಲ. ಸುಶ್ರುತ ಸಂಹಿತೆಯಲ್ಲಿ ‘ಅಶ್ಮರಿ’ಗೇ ಪ್ರತ್ಯೇಕ ಅಧ್ಯಾಯವಿದೆ. ಇದು ವಿಶೇಷವಾಗಿ ಮಕ್ಕಳಲ್ಲಿ ಕಾಣಿಸುತ್ತದೆಂದೂ ಅವರ ಮೂತ್ರಕೋಶ ಚಿಕ್ಕದಾದ್ದರಿಂದ ಹರಳನ್ನು ಹಿಡಿದು ತೆಗೆಯುವುದು ಸುಲಭವೆಂದೂ ಅಲ್ಲಿ ಹೇಳಿದೆ. ಆ ಕಾಲದ್ದು ಹೆಚ್ಚಾಗಿ ಮೂತ್ರಕೋಶದ ಹರಳು. ಹಾಲು, ಬೇಳೆ ಕಾಣದೆ ಬರೀ ಧಾನ್ಯದ ಮೇಲೆ ಬೆಳೆದ ಬಡ ಮಕ್ಕಳಲ್ಲಿ ಅದು ಬಹುಕಾಲ ಉಳಿದಿತ್ತು. ಊಟ ಸುಧಾರಿಸಿದಂತೆ ಕಡಿಮೆಯಾಗುತ್ತ ಬಂತು. ಈಗ ನಗರದ ಮಕ್ಕಳಲ್ಲಿ ಕಾಣುವುದು ಬಹುಮಟ್ಟಿಗೆ ಕಿಡ್ನಿಯ, ಮೂತ್ರನಾಳದ ಹರಳು.

ಕಿಡ್ನಿಯ ಹರಳನ್ನು ತೆರೆದ ಶಸ್ತ್ರಚಿಕಿತ್ಸೆಯಿಲ್ಲದೆ ತೆಗೆಯಲು ಈಗ ಮೂರು ದಾರಿಗಳಿವೆ. ತಂದೆಗೆ ಆದಂಥ ದೊಡ್ಡ ಕೊಯ್ತ ಇವತ್ತು ಅಪರೂಪ. ಕಿಡ್ನಿಯ ರಚನೆಯಲ್ಲೇ ದೋಷವಿದ್ದು ಅದನ್ನೂ ಸರಿಪಡಿಸಬೇಕಾದಾಗಲೋ ಬೇರೆ ದಾರಿಗಳು ಕೈಕೊಟ್ಟಾಗಲೋ ಮಾತ್ರ ಆ ಮಾತು ಬರುತ್ತದೆ.

ಮೊದಲನೆಯದು ಆಘಾತ ತರಂಗಗಳಿಂದ ಹೊರಗಿನಿಂದಲೇ ಹರಳನ್ನು ಪುಡಿಮಾಡುವುದು. ವೈದ್ಯರ ಬಾಯಲ್ಲಿ ಇದು ಲಿಥೊಟ್ರಿಪ್ಸಿ ಅಥವಾ ಇ.ಎಸ್.ಡಬ್ಲ್ಯು.ಎಲ್. ರೇಡಿಯೋದವರಿಗೆ ತರಂಗ ಎಂದರೆ ಕಿವಿ ನೆಟ್ಟಗಾಗುತ್ತದೆ, ಆದರೆ ಇದು ರೇಡಿಯೋ ತರಂಗವಲ್ಲ, ಸದ್ದಿನ ಜಾತಿಯ ಒತ್ತಡದ ಅಲೆ. ಇದರ ಹುಟ್ಟಿನ ಕಥೆ ಚೆನ್ನಾಗಿದೆ. ಜರ್ಮನಿಯ ಡಾರ್ನಿಯರ್ ವಿಮಾನ ಕಂಪನಿಯವರು, ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನಕ್ಕೆ ಮಳೆಹನಿ ಬಡಿದಾಗ ಲೋಹಕ್ಕೆ ಏನಾಗುತ್ತದೆಂದು ನೋಡುತ್ತಿದ್ದರು. ಹನಿಯ ಹೊಡೆತದಿಂದೆದ್ದ ಆಘಾತದ ಅಲೆ ಲೋಹದೊಳಕ್ಕೂ ಹರಿದು ಘಾಸಿ ಮಾಡುತ್ತಿತ್ತು. ಈ ಅಲೆಯನ್ನು ಒಂದು ಬಿಂದುವಿಗೆ ಕೂಡಿಸಿ ಹರಳಿಗೆ ಬಡಿದರೆ? ಮ್ಯೂನಿಕ್‌ನಲ್ಲಿ ಕ್ರಿಶ್ಚಿಯನ್ ಶೌಸಿ ಮತ್ತು ಸಂಗಡಿಗರು 1980ರ ಫೆಬ್ರವರಿ 7ರಂದು ಮೊದಲ ರೋಗಿಗೆ ಈ ಚಿಕಿತ್ಸೆ ಕೊಟ್ಟರು. 1986ರ ಹೊತ್ತಿಗೆ ಮಕ್ಕಳಲ್ಲಿ ಇದನ್ನು ಬಳಸಿದ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದವು. ಆಗ ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಕೂರಿಸಬೇಕಿತ್ತು. ಈಗಿನ ಯಂತ್ರಗಳಲ್ಲಿ ನೀರು ತುಂಬಿದ ಮೆತ್ತೆಯೊಂದನ್ನು ಜೆಲ್ ಸವರಿ ಬೆನ್ನಿಗೆ ತಾಗಿಸಿದರೆ ಸಾಕು.

ಈ ಚಿಕಿತ್ಸೆ ಮಕ್ಕಳಿಗೆ ಹೇಳಿ ಮಾಡಿಸಿದಂತಿದೆ ಎಂದರು ತಜ್ಞರು. ಮಗುವಿನ ಮೈ ತೆಳು, ಅಲೆ ಶಕ್ತಿ ಕಳೆದುಕೊಳ್ಳದೆ ಹರಳನ್ನು ಮುಟ್ಟುತ್ತದೆ. ಮೂತ್ರನಾಳ ಗಿಡ್ಡ ಮತ್ತು ಹಿಗ್ಗುವ ಸ್ವಭಾವದ್ದು, ಆದ್ದರಿಂದ ಪುಡಿಯಾದ ಚೂರುಗಳು ದೊಡ್ಡವರಿಗಿಂತ ಸುಲಭವಾಗಿ ಇಳಿದುಹೋಗುತ್ತವೆ. ಚರ್ಮಕ್ಕೆ ಗಾಯವೇ ಇಲ್ಲ. ಕಡಿಮೆ ಶಕ್ತಿಯಿಂದ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ತೊಡಕುಗಳೂ ಇವೆ. ಒಂದೇ ಸಲಕ್ಕೆ ಕೆಲಸ ಮುಗಿಯದೆ ಎರಡನೆಯ, ಮೂರನೆಯ ಸಲ ಬೇಕಾಗಬಹುದು. ಚೂರುಗಳು ಸಾಲಾಗಿ ನಾಳದಲ್ಲಿ ಸಿಕ್ಕಿ ನೋವು ತರಬಹುದು. ಸಿಸ್ಟಿನ್ ಎಂಬ ಜಾತಿಯ ಗಟ್ಟಿ ಹರಳು ಏಟಿಗೆ ಬಗ್ಗುವುದಿಲ್ಲ. ಕಿಡ್ನಿಯ ಕೆಳಗಿನ ಮೂಲೆಯಲ್ಲಿ ಕುಳಿತ ಹರಳು ಒಡೆದರೂ ಪುಡಿ ಮೇಲೇರಿ ಹೊರಬರುವುದು ಕಷ್ಟ.

ಎರಡನೆಯದು ಮೂತ್ರದ ಸಹಜ ದಾರಿಯಿಂದಲೇ ಒಳಹೋಗುವುದು, ಅಂದರೆ ಯುರೆಟೆರೋಸ್ಕೋಪಿ. ಕೂದಲಿಗಿಂತ ಸ್ವಲ್ಪ ದಪ್ಪದ ಎಳೆಯಲ್ಲಿ ಲೇಸರ್ ಕಿರಣ ಹಾಯಿಸಿ ಹರಳನ್ನು ಧೂಳುಮಾಡುತ್ತಾರೆ, ಇಲ್ಲವೇ ಚೂರುಮಾಡಿ ಪುಟ್ಟ ಬುಟ್ಟಿಯಂಥ ಸಾಧನದಿಂದ ಎಳೆದು ತೆಗೆಯುತ್ತಾರೆ. ವಿಚಿತ್ರವೆಂದರೆ, ಮೂತ್ರನಾಳದೊಳಗೆ ದರ್ಶಕ ತೂರಿಸಿದ ಮೊಟ್ಟಮೊದಲ ಪ್ರಸಂಗವೇ ಒಂದು ಮಗುವಿನದು. 1912ರಲ್ಲಿ ಅಮೆರಿಕದ ಹ್ಯೂ ಹ್ಯಾಂಪ್ಟನ್ ಯಂಗ್ ಎಂಬ ವೈದ್ಯರು ಹುಟ್ಟಿನಿಂದಲೇ ಅಡ್ಡಿಯಿದ್ದು ನಾಳ ಹಿಗ್ಗಿಹೋಗಿದ್ದ ಕೂಸೊಂದರಲ್ಲಿ ಮೂತ್ರಕೋಶ ನೋಡುವ ಉಪಕರಣವನ್ನೇ ಮೇಲಕ್ಕೇರಿಸಿ ಕಿಡ್ನಿಯ ಒಳಗನ್ನು ಕಂಡರು. ಸಹಜ ಗಾತ್ರದ ಎಳೆಯ ನಾಳಕ್ಕೆ ಹೊಂದುವ ಉಪಕರಣಗಳು ಬರಲು ಮತ್ತೆ ಏಳೆಂಟು ದಶಕ ಹಿಡಿಯಿತು. ಈಗ ತುದಿಯಲ್ಲಿ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪದ ದರ್ಶಕಗಳಿವೆ. ಮೂತ್ರನಾಳದ ಕೆಳಭಾಗದಲ್ಲಿ ಸಿಕ್ಕಿಕೊಂಡ ಹರಳಿಗೆ ಇದೇ ಒಳ್ಳೆಯ ದಾರಿ. ಬಾಗುವ ದರ್ಶಕದಿಂದ ಕಿಡ್ನಿಯವರೆಗೂ ಹೋಗಬಹುದು.

ಇಲ್ಲೊಂದು ವಿಷಯವನ್ನು ತಂದೆತಾಯಿ ಮೊದಲೇ ತಿಳಿದಿರಬೇಕು. ಕೆಲವು ಮಕ್ಕಳ ನಾಳ ದರ್ಶಕಕ್ಕೆ ದಾರಿಯನ್ನೇ ಕೊಡುವುದಿಲ್ಲ. ಒತ್ತಿ ತೂರಿಸಿದರೆ ಹರಿಯುವ, ಮುಂದೆ ಕಿರಿದಾಗುವ ಭಯ. ಆಗ ಜಾಣ ವೈದ್ಯರು ಹಿಂದೆ ಸರಿದು ಒಂದು ಸ್ಟೆಂಟ್ ಇಟ್ಟು ಬರುತ್ತಾರೆ. ಒಂದೆರಡು ವಾರದಲ್ಲಿ ನಾಳ ತಾನಾಗಿ ಸಡಿಲವಾಗುತ್ತದೆ, ಎರಡನೆಯ ಸಲ ಸುಲಭವಾಗಿ ಹೋಗಬಹುದು. ‘ಆಪರೇಷನ್ ಫೇಲಾಯಿತು, ದುಡ್ಡು ಹೊಡೆಯಲು ಎರಡು ಸಲ ಮಾಡಿದರು’ ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಟ್ಟಾಗುವ ಪೋಷಕರನ್ನು ನಾನೂ ಕಂಡಿದ್ದೇನೆ. ಅದು ಸೋಲಲ್ಲ, ಎಚ್ಚರಿಕೆ.

ಮೂರನೆಯದು ಬೆನ್ನಿನಿಂದ ಸಣ್ಣ ರಂಧ್ರ ಮಾಡಿ ನೇರವಾಗಿ ಕಿಡ್ನಿಯೊಳಗೆ ಇಳಿಯುವುದು, ಪಿ.ಸಿ.ಎನ್.ಎಲ್. ಎಂದು ಹೆಸರು. ಹೀಗೆ ಹರಳು ತೆಗೆದ ಮೊದಲ ವರದಿ 1976ರಲ್ಲಿ ಸ್ವೀಡನ್‌ನಿಂದ ಬಂತು. ಹರಳು ಎರಡು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ಅಥವಾ ಜಿಂಕೆಯ ಕೊಂಬಿನಂತೆ ಕವಲೊಡೆದು ಕಿಡ್ನಿಯನ್ನೆಲ್ಲ ತುಂಬಿಕೊಂಡಿದ್ದರೆ ಸಾಮಾನ್ಯವಾಗಿ ಇದೇ ದಾರಿ. ದೊಡ್ಡವರಿಗೆ ಮಾಡುವ ರಂಧ್ರ ಎಂಟರಿಂದ ಹತ್ತು ಮಿಲಿಮೀಟರ್ ಅಗಲದ್ದು. ಐದು ವರ್ಷದ ಮಗುವಿನ ಇಡೀ ಕಿಡ್ನಿಯೇ ಸುಮಾರು ಎಂಟು ಸೆಂಟಿಮೀಟರ್ ಉದ್ದವಿರುವಾಗ ಅಷ್ಟು ಅಗಲದ ಬಾವಿ ತೋಡಿದರೆ ಹೇಗೆ? ರಕ್ತದ ಲೆಕ್ಕವೂ ಹಾಗೆಯೇ. ಹತ್ತು ಕಿಲೋ ತೂಕದ ಮಗುವಿನ ಮೈಯಲ್ಲಿರುವುದು ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ರಕ್ತ. ದೊಡ್ಡವರು ತಾಳಿಕೊಳ್ಳುವ ನಷ್ಟ ಮಗುವಿಗೆ ದೊಡ್ಡ ಪೆಟ್ಟು.

ಆದ್ದರಿಂದ ರಂಧ್ರವನ್ನು ಚಿಕ್ಕದು ಮಾಡುವ ಪ್ರಯತ್ನ ನಡೆಯಿತು. 1990ರ ದಶಕದ ಕೊನೆಯಲ್ಲಿ ‘ಮಿನಿ ಪರ್ಕ್’ ಪುಟ್ಟ ಮಕ್ಕಳಿಗಾಗಿಯೇ ರೂಪುಗೊಂಡಿತು. ಮುಂದೆ ಅದೇ ದೊಡ್ಡವರಿಗೂ ಬಂತು. ಈಗ ಮಕ್ಕಳಲ್ಲಿ ಐದಾರು ಮಿಲಿಮೀಟರಿನ, ಕೆಲವೊಮ್ಮೆ ಅದಕ್ಕೂ ಕಿರಿದಾದ ರಂಧ್ರದಿಂದ ಕೆಲಸ ಮುಗಿಯುತ್ತದೆ. ಇದರಲ್ಲಿ ನಮ್ಮ ದೇಶದವರ ಪಾಲು ದೊಡ್ಡದು. ಗುಜರಾತಿನ ನಡಿಯಾದ್‌ನ ಮೂಲಜಿಭಾಯಿ ಪಟೇಲ್ ಮೂತ್ರರೋಗ ಆಸ್ಪತ್ರೆಯ ಮಹೇಶ್ ದೇಸಾಯಿ ಮತ್ತು ಸಂಗಡಿಗರು 2011ರಲ್ಲಿ ‘ಮೈಕ್ರೋ ಪರ್ಕ್’ನ ಮೊದಲ ಅನುಭವವನ್ನು ಪ್ರಕಟಿಸಿದರು. ಇಲ್ಲಿ ಚುಚ್ಚುವ ಸೂಜಿಗೇ ಕಣ್ಣಿದೆ. ಅದರ ದಪ್ಪ ಸುಮಾರು 1.6 ಮಿಲಿಮೀಟರ್. ಆ ಸೂಜಿಯೊಳಗಿನಿಂದಲೇ ನೋಡುತ್ತ, ಅದರೊಳಗಿನಿಂದಲೇ ಲೇಸರ್ ಹಾಯಿಸಿ ಹರಳನ್ನು ಧೂಳುಮಾಡುವುದು. ದೊಡ್ಡ ಹರಳಿಗೆ ಇದು ಆಗದು, ಚಿಕ್ಕದಕ್ಕೆ ಸರಿ.

ರಂಧ್ರ ಸಣ್ಣದೆಂದ ಮಾತ್ರಕ್ಕೆ ಇದು ಸಣ್ಣ ಕೆಲಸ ಎಂದುಕೊಳ್ಳಬೇಡಿ. ರಕ್ತಸ್ರಾವ, ಸೋಂಕು, ಅಪರೂಪಕ್ಕೆ ಅಕ್ಕಪಕ್ಕದ ಅಂಗಕ್ಕೆ ತಾಗುವುದು, ಇವೆಲ್ಲ ಸಾಧ್ಯ. ಒಳಗೆ ಹರಿಸುವ ನೀರು ತಣ್ಣಗಿದ್ದರೆ ಮಗುವಿನ ಮೈಯೇ ತಣ್ಣಗಾಗಿಬಿಡುತ್ತದೆ, ಆದ್ದರಿಂದ ಬೆಚ್ಚಗಿನ ಸಲೈನನ್ನೇ ಬಳಸುತ್ತಾರೆ. ‘ಲೇಸರ್’ ಎಂಬ ಬೋರ್ಡಿಗಿಂತ, ಆ ವೈದ್ಯರು ಮಕ್ಕಳಿಗೆ ಈ ಚಿಕಿತ್ಸೆಯನ್ನು ಆಗಾಗ ಮಾಡುತ್ತಾರೆಯೇ, ಮಕ್ಕಳ ಅಳತೆಯ ಉಪಕರಣಗಳಿವೆಯೇ, ಮಕ್ಕಳಿಗೆ ಅರಿವಳಿಕೆ ಕೊಟ್ಟು ಪಳಗಿದವರು ಇದ್ದಾರೆಯೇ ಎಂಬುದು ನನ್ನ ಮಟ್ಟಿಗೆ ಮುಖ್ಯ.

ಅರಿವಳಿಕೆಯ ಮಾತು ಬಂತು. ಮೂರು ದಾರಿಗಳಲ್ಲೂ ಪುಟ್ಟ ಮಕ್ಕಳಿಗೆ ಪೂರ್ಣ ಅರಿವಳಿಕೆ ಸಾಮಾನ್ಯ. ಗಾಯವೇ ಇಲ್ಲದ ತರಂಗ ಚಿಕಿತ್ಸೆಗೆ ಅದೇಕೆ ಎಂದು ನಾನೂ ಕೇಳಿದೆ. ಮಗು ಅಲುಗಾಡಿದರೆ ಗುರಿ ತಪ್ಪಿ ಏಟು ಹರಳಿನ ಬದಲು ಎಳೆಯ ಕಿಡ್ನಿಗೆ ಬೀಳುತ್ತದೆ ಎಂಬುದು ಉತ್ತರ. ಸ್ವಲ್ಪ ದೊಡ್ಡ ಮಕ್ಕಳಲ್ಲಿ ಮಂಪರು ಬರಿಸಿ ಮಾಡುವುದುಂಟು.

ಹಾಗಾದರೆ ನಮ್ಮ ಡೊಂಬಿವಲಿಯ ಹುಡುಗನ 14 ಮಿಲಿಮೀಟರಿಗೆ ಯಾವುದು? ಗಾತ್ರವೊಂದನ್ನೇ ನೋಡಿದರೆ ತರಂಗ ಚಿಕಿತ್ಸೆ ಅಥವಾ ಯುರೆಟೆರೋಸ್ಕೋಪಿ ಎನ್ನಬಹುದಿತ್ತು. ಆದರೆ ಹರಳು ಕುಳಿತದ್ದು ಕಿಡ್ನಿಯ ಕೆಳಮೂಲೆಯಲ್ಲಿ, ಹೊರಬರುವ ಕುತ್ತಿಗೆ ಕಿರಿದು. ಅವನ ವೈದ್ಯರು ಮಿನಿ ಪರ್ಕ್ ಆರಿಸಿದರು. ಪಕ್ಕದ ಮನೆಯ ಮಗುವಿಗೆ ತರಂಗದಲ್ಲಿ ಹೋಯಿತು, ನಮ್ಮವನಿಗೇಕೆ ತೂತು ಎಂದು ಆ ತಾಯಿ ಕೇಳಿದಾಗ ವೈದ್ಯರು ಕಾಗದದ ಮೇಲೆ ಕಿಡ್ನಿಯ ಚಿತ್ರ ಬರೆದು ತೋರಿಸಿದರಂತೆ. ಹೀಗೆ ಚಿತ್ರ ಬರೆದು ಹೇಳುವ ವೈದ್ಯರು ಸಿಕ್ಕರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಮೊದಲು ಮೂತ್ರದ ಕಲ್ಚರ್ ಪರೀಕ್ಷೆಯಾಯಿತು, ಸೋಂಕಿತ್ತು, ಒಂದು ವಾರ ಔಷಧಿ ನಡೆಯಿತು. ಆಮೇಲೆ ಚಿಕಿತ್ಸೆ. ಮೂರನೆಯ ದಿನ ಹುಡುಗ ಮನೆಗೆ ಬಂದ. “ಅಂಗಿ ಗುಂಡಿಗಿಂತ ಸಣ್ಣ ಗಾಯ ಐತ್ರಿ ಅಕ್ಕಾರ” ಎಂದರು ತಾಯಿ ಫೋನಿನಲ್ಲಿ. ಈ ಸಲ ಅಳುತ್ತಿರಲಿಲ್ಲ.

ಮರೆತುಹೋಗುವ ಸ್ಟೆಂಟ್

ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ ಎಂದು ಊರು ಬಿಟ್ಟು ಬಂದ ನಮ್ಮಂಥವರು ಇದೊಂದನ್ನು ಮನಸ್ಸಿಟ್ಟು ಓದಬೇಕು.

ಚಿಕಿತ್ಸೆಯಾದ ಮೇಲೆ ಅನೇಕ ಸಲ ಕಿಡ್ನಿಯಿಂದ ಮೂತ್ರಕೋಶದವರೆಗೆ ಒಂದು ಮೆತ್ತನೆಯ ಪ್ಲಾಸ್ಟಿಕ್ ನಳಿಕೆ ಇಡುತ್ತಾರೆ. ಎರಡು ತುದಿಯಲ್ಲೂ ಸುರುಳಿಯಿರುವುದರಿಂದ ಅದು ಜಾರುವುದಿಲ್ಲ. ಇದೇ ಡಿ.ಜೆ. ಸ್ಟೆಂಟ್. ನಾಳ ಊದಿಕೊಂಡು ಮುಚ್ಚದಿರಲಿ, ಉಳಿದ ಚೂರುಗಳು ಅಡ್ಡಬೀಳದಿರಲಿ ಎಂದು ಈ ವ್ಯವಸ್ಥೆ. ಹೃದಯದ ಸ್ಟೆಂಟಿನಂತೆ ಇದು ಒಳಗೇ ಇರುವಂಥದ್ದಲ್ಲ. ಕೆಲವು ದಿನಗಳಿಂದ ಕೆಲವು ವಾರಗಳೊಳಗೆ, ವೈದ್ಯರು ಹೇಳಿದ ದಿನಕ್ಕೆ ತೆಗೆಸಲೇಬೇಕು. ಪುಟ್ಟ ಮಕ್ಕಳಿಗೆ ತೆಗೆಯುವಾಗಲೂ ಸಾಮಾನ್ಯವಾಗಿ ಸ್ವಲ್ಪ ಹೊತ್ತಿನ ಅರಿವಳಿಕೆ ಬೇಕಾಗುತ್ತದೆ. ಆ ಖರ್ಚನ್ನೂ ಮೊದಲೇ ಕೇಳಿಟ್ಟುಕೊಳ್ಳಿ. ಆಯುಷ್ಮಾನ್ ಕಾರ್ಡ್ ಇದ್ದವರು ಅದು ಆ ಆಸ್ಪತ್ರೆಯಲ್ಲಿ ನಡೆಯುತ್ತದೆಯೇ ಎಂದು ದಾಖಲಾಗುವ ಮೊದಲೇ ವಿಚಾರಿಸುವುದು ಒಳ್ಳೆಯದು.

ಆಗುವುದೇನು? ಮಗು ಆಡಿಕೊಂಡಿರುತ್ತದೆ. ಶಾಲೆಗೆ ರಜೆ ಬರುತ್ತದೆ. ಊರಿಗೆ ಹೋಗುತ್ತಾರೆ, ಅಲ್ಲಿಂದ ಬಾಡಿಗೆ ಮನೆ ಬದಲಾಗುತ್ತದೆ, ಅಪ್ಪನ ಹೋಟೆಲಿನ ಕೆಲಸ ಬದಲಾಗುತ್ತದೆ, ಮೊಬೈಲ್ ನಂಬರ್ ಬದಲಾಗುತ್ತದೆ. ಆಸ್ಪತ್ರೆಯವರು ಕರೆದರೆ ಸಿಗುವುದಿಲ್ಲ. ಒಳಗಿನ ಸ್ಟೆಂಟಿನ ಮೇಲೆ ಲವಣ ಕಟ್ಟುತ್ತ ಹೋಗುತ್ತದೆ. ಹರಳಾಗುವ ಮೈಯಲ್ಲಂತೂ ಇನ್ನೂ ಬೇಗ. ತಿಂಗಳುಗಟ್ಟಲೆ ಬಿಟ್ಟರೆ ಸ್ಟೆಂಟೇ ಒಂದು ದೊಡ್ಡ ಹರಳಾಗಿ ಕಿಡ್ನಿಗೆ ಅಂಟಿಕೊಳ್ಳುತ್ತದೆ. ಅದನ್ನು ತೆಗೆಯುವುದು ಮೊದಲಿನ ಹರಳಿಗಿಂತ ಕಷ್ಟ, ಕೆಲವೊಮ್ಮೆ ಕಿಡ್ನಿಗೇ ಸಂಚಕಾರ. ವೈದ್ಯಕೀಯ ಪತ್ರಿಕೆಗಳಲ್ಲಿ ‘ಮರೆತ ಸ್ಟೆಂಟ್’ ಎಂಬ ಶೀರ್ಷಿಕೆಯ ಬರಹಗಳು ಬೇಕಾದಷ್ಟಿವೆ.

ಆದ್ದರಿಂದ ಡಿಸ್ಚಾರ್ಜ್ ಆಗುವಾಗ ಒಂದೇ ಪ್ರಶ್ನೆ: “ಒಳಗೆ ಸ್ಟೆಂಟ್ ಇಟ್ಟಿದ್ದೀರಾ? ಯಾವ ತಾರೀಕಿಗೆ ತೆಗೆಯಬೇಕು?” ಉತ್ತರವನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಬರೆದು ಸುತ್ತು ಹಾಕಿ. ಊರಿನಲ್ಲೇ ತೆಗೆಸುವುದಾದರೆ ಡಿಸ್ಚಾರ್ಜ್ ಚೀಟಿ ಜೊತೆಗಿರಲಿ. ಸ್ಟೆಂಟ್ ಇರುವಷ್ಟು ದಿನ ಆಗಾಗ ಮೂತ್ರಕ್ಕೆ ಅವಸರ, ಸ್ವಲ್ಪ ಕೆಂಪು ಬಣ್ಣ, ಪಕ್ಕೆನೋವು ಇರುವುದು ಸಹಜ. ಜ್ವರ ಬಂದರೆ ಮಾತ್ರ ಸಹಜವಲ್ಲ.

ಜಾತ್ರೆಯ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು. ಸ್ಟೆಂಟ್ ತೆಗೆಯುವ ದಿನ ಮತ್ತು ಜಾತ್ರೆ ಒಂದೇ ವಾರದಲ್ಲಿ ಬಿದ್ದವು. ಆ ತಾಯಿ ಟಿಕೆಟ್ ರದ್ದು ಮಾಡಿಸಿದರು. ಅತ್ತೆಯವರು ಎರಡು ದಿನ ಮಾತಾಡಲಿಲ್ಲವಂತೆ.

ಹರಳು ಬಂದದ್ದಾದರೂ ಏಕೆ?

ದೊಡ್ಡವರಿಗೆ ಹರಳಾದರೆ ‘ನೀರು ಕಡಿಮೆ ಕುಡಿದಿರಿ’ ಎಂದು ಬಿಟ್ಟುಬಿಡುವುದುಂಟು. ಮಕ್ಕಳಲ್ಲಿ ಹಾಗಲ್ಲ. ಅನೇಕ ಮಕ್ಕಳಲ್ಲಿ ಹಿಂದೆ ಒಂದು ಕಾರಣ ಅಡಗಿರುತ್ತದೆ. ಮೂತ್ರದಲ್ಲಿ ಕ್ಯಾಲ್ಸಿಯಂ ಹೆಚ್ಚು ಹೋಗುವುದು, ಹರಳನ್ನು ತಡೆಯುವ ಸಿಟ್ರೇಟ್ ಕಡಿಮೆಯಿರುವುದು, ನಾಳ ಹುಟ್ಟಿನಿಂದಲೇ ಕಿರಿದಾಗಿರುವುದು, ಮತ್ತೆ ಮತ್ತೆ ಸೋಂಕು. ಕೆಲವು ವಂಶಪಾರಂಪರ್ಯದ ಕಾಯಿಲೆಗಳೂ ಇವೆ. ಸಿಸ್ಟಿನ್ ಹರಳಿನ ರೋಗ ಅಂಥದ್ದು. ಯಕೃತ್ತು ಅತಿಯಾಗಿ ಆಕ್ಸಲೇಟ್ ತಯಾರಿಸುವ ಇನ್ನೊಂದು ರೋಗ ಕಾಲಕ್ರಮದಲ್ಲಿ ಕಿಡ್ನಿಯನ್ನೇ ಕೆಡಿಸಬಲ್ಲದು. ಅದಕ್ಕೆ 2020ರಲ್ಲಿ ಅಮೆರಿಕ, ಯುರೋಪುಗಳಲ್ಲಿ ಹೊಸ ಚುಚ್ಚುಮದ್ದಿಗೆ ಒಪ್ಪಿಗೆ ಸಿಕ್ಕಿತು. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಕಾಣುವ ರೋಗಗಳಾದ್ದರಿಂದ, ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾಗುವ ನಮ್ಮ ಕುಟುಂಬಗಳಲ್ಲಿ ಇವುಗಳ ಸಾಧ್ಯತೆ ಸ್ವಲ್ಪ ಹೆಚ್ಚು. ವೈದ್ಯರು ‘ಸಂಬಂಧದಲ್ಲಿ ಮದುವೆಯೇ?’ ಎಂದು ಕೇಳಿದರೆ ಬೇಸರಿಸದೆ ಹೇಳಿಬಿಡಿ. ಅದು ತಪ್ಪು ಹುಡುಕುವ ಪ್ರಶ್ನೆಯಲ್ಲ, ಮಗುವಿನ ತಮ್ಮ ತಂಗಿಯರನ್ನು ಉಳಿಸುವ ಪ್ರಶ್ನೆ.

ಕಾರಣ ತಿಳಿಯುವ ಮೊದಲ ಸಾಕ್ಷಿ ಹರಳೇ. ತೆಗೆದ ಹರಳನ್ನು, ಅಥವಾ ಮೂತ್ರದಲ್ಲಿ ಬಿದ್ದ ಚೂರನ್ನು ಬಟ್ಟೆಯಲ್ಲೋ ಚಹಾ ಸೋಸುವ ಜಾಲರಿಯಲ್ಲೋ ಹಿಡಿದು ಲ್ಯಾಬಿಗೆ ಕಳಿಸಬೇಕು. ಆಮೇಲೆ ರಕ್ತ ಪರೀಕ್ಷೆ, ಇಪ್ಪತ್ನಾಲ್ಕು ಗಂಟೆಯ ಮೂತ್ರ ಸಂಗ್ರಹಿಸಿ ಪರೀಕ್ಷೆ. ಇದು ತಲೆನೋವಿನ ಕೆಲಸ ನಿಜ. ಶಾಲೆಯಿಲ್ಲದ ಭಾನುವಾರ ಮಾಡಿದರೆ ಸಲೀಸು. ಇದನ್ನು ಬಿಟ್ಟರೆ ತೆಗೆದ ಹರಳಿನ ಜಾಗದಲ್ಲಿ ಇನ್ನೊಂದು ಹುಟ್ಟಬಹುದು, ಮಗುವಿಗೆ ಮುಂದೆ ಅರವತ್ತು ಎಪ್ಪತ್ತು ವರ್ಷದ ಬದುಕಿದೆ.

ಇನ್ನು ಬಾಳೆದಿಂಡು. ನನಗೂ ದಿಂಡಿನ ಪಲ್ಯ ಇಷ್ಟ, ಹುರುಳಿ ಸಾರೂ ಇಷ್ಟ. ಊಟಕ್ಕೆ ಒಳ್ಳೆಯವು. ಆದರೆ ಮಕ್ಕಳಲ್ಲಿ ಹೆಚ್ಚಾಗಿ ಸಿಗುವ ಕ್ಯಾಲ್ಸಿಯಂ ಹರಳನ್ನು ಕರಗಿಸುವ ರಸವಾಗಲೀ ಕಷಾಯವಾಗಲೀ ಇಲ್ಲ. ಯೂರಿಕ್ ಆಮ್ಲದ ಹರಳೊಂದನ್ನು ಮೂತ್ರದ ಹುಳಿ ಇಳಿಸುವ ಔಷಧಿಯಿಂದ ಕರಗಿಸಬಹುದು, ಅದೂ ವೈದ್ಯರ ಕೈಯಲ್ಲಿ. ರಸ ಕುಡಿದು ಹರಳು ಹೋಯಿತೆನ್ನುವವರದು ಬಹುಶಃ ತಾನಾಗಿಯೇ ಬೀಳಲಿದ್ದ ಚಿಕ್ಕ ಹರಳು. 14 ಮಿಲಿಮೀಟರಿನದನ್ನು ಹಿಡಿದು ಆರು ತಿಂಗಳು ರಸ ಕುಡಿಸಿದರೆ ಕಿಡ್ನಿ ಕರಗೀತು. ಟೊಮ್ಯಾಟೊ ಬೀಜದಿಂದ ಹರಳಾಗುತ್ತದೆ ಎಂಬುದಕ್ಕೂ ಬೋರ್‌ವೆಲ್‌ನ ಗಡಸು ನೀರೇ ಕಾರಣ ಎಂಬುದಕ್ಕೂ ಗಟ್ಟಿ ಆಧಾರವಿಲ್ಲ. ಹರಳಿನಲ್ಲಿ ಕ್ಯಾಲ್ಸಿಯಂ ಇದೆಯೆಂದು ಮಗುವಿನ ಹಾಲು, ಮೊಸರು ನಿಲ್ಲಿಸುವುದಂತೂ ತಪ್ಪು. ಊಟದ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಹಾಕುತ್ತದೆ, ಮೂಳೆಗೂ ಬೇಕು. ಕಡಿಮೆ ಮಾಡಬೇಕಾದ್ದು ಉಪ್ಪು: ಪ್ಯಾಕೆಟ್ಟಿನ ಚಿಪ್ಸು, ಫರಸಾಣ, ನೂಡಲ್ಸು, ಮೇಲುಪ್ಪಿನಕಾಯಿ.

ಮತ್ತು ನೀರು. ಅಂದಾಜಿಗೆ ಐದು ವರ್ಷದೊಳಗಿನ ಮಗುವಿಗೆ ದಿನಕ್ಕೆ ಒಂದು ಲೀಟರಾದರೂ, ಹತ್ತರವರೆಗೆ ಒಂದೂವರೆ, ಆಮೇಲೆ ಎರಡು ಲೀಟರು ದ್ರವ ಬೇಕು. ಮುಂಬಯಿ, ಚೆನ್ನೈಯ ಬೆವರಿಗೆ ಇನ್ನೂ ಹೆಚ್ಚು. ಮೂತ್ರ ನೀರಿನಂತೆ ತಿಳಿಯಾಗಿದ್ದರೆ ಸಾಕಾಗಿದೆ ಎಂದು ಅರ್ಥ. ಹೇಳುವುದು ಸುಲಭ. ಎಷ್ಟೋ ಮಕ್ಕಳು ಶಾಲೆಯ ಶೌಚಾಲಯದ ಗಲೀಜಿಗೆ ಹೆದರಿ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಬಾಟಲಿ ಮುಟ್ಟುವುದೇ ಇಲ್ಲ. ತುಂಬಿದ ಬಾಟಲಿ ತುಂಬಿದಂತೆಯೇ ಮನೆಗೆ ಬರುತ್ತದೆ. ಟೀಚರ ಹತ್ತಿರ ಒಮ್ಮೆ ಮಾತಾಡಿ, ಮಗು ಕೇಳಿದಾಗ ಹೊರಗೆ ಬಿಡಲು ವೈದ್ಯರ ಚೀಟಿಯನ್ನೇ ಕೊಟ್ಟುಬಿಡುವುದು ಉತ್ತಮ.

ನಮ್ಮ ಹುಡುಗನ ಹರಳು ಕ್ಯಾಲ್ಸಿಯಂ ಆಕ್ಸಲೇಟಿನದು. ಮೂತ್ರದಲ್ಲಿ ಸಿಟ್ರೇಟ್ ಕಡಿಮೆಯಿದೆಯೆಂದು ಗೊತ್ತಾಗಿ ಈಗ ಪೊಟ್ಯಾಸಿಯಂ ಸಿಟ್ರೇಟ್ ಸಿರಪ್ ನಡೆದಿದೆ, ಜೊತೆಗೆ ನಿಂಬೆಹಣ್ಣಿನ ಪಾನಕ. ಆರು ತಿಂಗಳಿಗೊಮ್ಮೆ ಸೋನೋಗ್ರಫಿ. ಹೋದ ವಾರ ತಾಯಿ ಮತ್ತೆ ಫೋನ್ ಮಾಡಿದ್ದರು. ಹುಡುಗನೇ ರಿಸೀವರ್ ಕಿತ್ತುಕೊಂಡ. ತನ್ನ ಹರಳನ್ನು ಲ್ಯಾಬಿನವರು ಪುಡಿ ಮಾಡಿಬಿಟ್ಟರಂತೆ, ಗೆಳೆಯರಿಗೆ ತೋರಿಸಲು ಒಂದು ಚೂರೂ ಉಳಿಸಲಿಲ್ಲವಂತೆ. “ಆಂಟೀ, ನೀವು ರೇಡಿಯೋದಾಗ ಹೇಳ್ರಿ ಅವರಿಗೆ” ಎಂದ.